ಜಿರಲೆ ಇರಲಿಲ್ಲ

ಮೂಡುಬಿದಿರೆಯಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ. ಮದುವೆಯ ವಿಡಿಯೋ ಎಡಿಟಿಂಗ್ ಮಾಡುವ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಎಂಬುದೊಂದಿರುತ್ತದೆ. ಕೆಲಸದ ಭಾರ ಬಿದ್ದಾಗ ಅದು ಕಾಯುತ್ತದೆ. ತಣ್ಣಗಿಡಲು ಅದರ ಮೇಲೆ ಅಂಗೈ ಅಗಲದ ಎರಡು ಫ್ಯಾನುಗಳು ತಿರುಗುತ್ತಿರುತ್ತವೆ. ಆ ಫ್ಯಾನುಗಳನ್ನು ಕೆಡಿಸಿದ್ದು ನಾನು. ಕೆಡಿಸಿದವಳೆಂದು ಜನರಿಗೆ ತೋರಿಸಿಕೊಟ್ಟದ್ದು ನನ್ನಲ್ಲಿ ಕೆಲಸಕ್ಕಿದ್ದ ಒಬ್ಬ ಹೆಂಗಸನ್ನು. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಹೇಸಿಗೆಯೇ ಬರುತ್ತದೆ.

ಅವಳು ಪುತ್ತಿಗೆಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಹನ್ನೊಂದು ವರ್ಷ ಬಂದಳು. ಕ್ಯಾಮರಾ ನನ್ನದು, ಎಡಿಟಿಂಗ್ ಅವಳದು. ನಾವು ಮೀನು ತಿನ್ನದವರು. ಅವಳ ಡಬ್ಬಿಯಲ್ಲಿ ಹೆಚ್ಚಾಗಿ ಮೀನಿನ ಸಾರು, ಮಳೆಗಾಲದಲ್ಲಿ ಒಣಮೀನಿನ ಚಟ್ನಿ. ನಾನು ಹೇಳದೆಯೇ ಅವಳು ಹಿಂದಿನ ಮೆಟ್ಟಿಲಿನ ಮೇಲೆ ಕುಳಿತು ಉಣ್ಣುತ್ತಿದ್ದಳು. ಡಬ್ಬಿಯನ್ನು ಎರಡು ಸಲ ಸೋಪು ಹಾಕಿ ತೊಳೆದು, ಕೈಯನ್ನು ಮೂಸಿ ನೋಡಿಯೇ ಒಳಗೆ ಬರುವುದು. ಒಂದು ದಿನವೂ ಆ ಡಬ್ಬಿ ಕಂಪ್ಯೂಟರಿನ ಕೋಣೆಗೆ ಬಂದದ್ದಿಲ್ಲ.

ಹನ್ನೊಂದನೆಯ ವರ್ಷದ ಆಯುಧಪೂಜೆಗೆ ನಾನು ಕಂಪ್ಯೂಟರಿನ ಪೆಟ್ಟಿಗೆಯ ಬದಿಯ ತಗಡನ್ನು ಬಿಚ್ಚಿದೆ. ಕೆಲಸ ಮಾಡುವ ಆಯುಧ ಒಳಗಿರುವಾಗ ತಗಡಿಗೆ ಪೂಜೆ ಮಾಡಿ ಏನು ಪ್ರಯೋಜನ ಎಂದು ನನ್ನ ವಾದ. ಗ್ರಾಫಿಕ್ಸ್ ಕಾರ್ಡಿಗೆ ಗಂಧ ಹಚ್ಚಿ ಅದರ ಮೇಲೆ ಹಿಂಗಾರ ಇಟ್ಟೆ. ಹಿಂಗಾರವೆಂದರೆ ಅಡಿಕೆಯ ಹೂಗೊನೆ, ನಮ್ಮಲ್ಲಿ ಅದಿಲ್ಲದೆ ಪೂಜೆಯಿಲ್ಲ. ಮುಟ್ಟಿದರೆ ಸಾಕು, ಅಕ್ಕಿಕಾಳಿನಂಥ ಮೊಗ್ಗುಗಳು ಉದುರುತ್ತವೆ.

"ಅಣ್ಣ, ಅದನ್ನು ಪೆಟ್ಟಿಗೆಯ ಮೇಲೆ ಇಡಿ, ಒಳಗೆ ಬೇಡ. ಫ್ಯಾನಿಗೆ ಬೀಳ್ತದೆ" ಎಂದಳು ಅವಳು.

"ದೇವರಿಗೆ ಇಟ್ಟದ್ದು ಕೆಡುಕು ಮಾಡ್ತದಾ? ನೀನು ಸುಮ್ಮನಿರು."

ಹಬ್ಬ ಕಳೆದು ಒಂದು ವಾರಕ್ಕೆ ಫ್ಯಾನು ಗರಗರ ಎನ್ನಲು ಶುರುವಾಯಿತು. ಅಂಗಡಿಯ ಶಟರಿಗೆ, ಬಾಗಿಲಿನ ತಿರುಗಣೆಗೆ, ಹಳೆಯ ಟೇಬಲ್ ಫ್ಯಾನಿಗೆ ನಾನು ಜೀವಮಾನವಿಡೀ ಹಾಕಿದ್ದು ತೆಂಗಿನೆಣ್ಣೆ. ಅದನ್ನೇ ಊದುಬತ್ತಿಯ ಕಡ್ಡಿಯಲ್ಲಿ ಅದ್ದಿ, ಅವಳು ಬರುವ ಮೊದಲು, ಆ ಫ್ಯಾನುಗಳಿಗೆ ಬಿಟ್ಟೆ. ಸದ್ದು ನಿಂತಿತು. ಎರಡು ದಿನಕ್ಕೆ ಮತ್ತೆ ಬಂತು. ಮತ್ತೆ ಬಿಟ್ಟೆ. ಚಳಿಯ ದಿನಗಳು ಬಂದು ಎಣ್ಣೆ ಹೆಪ್ಪುಗಟ್ಟುವ ಹೊತ್ತಿಗೆ ಒಂದು ಬೆಳಿಗ್ಗೆ ಎರಡೂ ಫ್ಯಾನು ತಿರುಗಲಿಲ್ಲ. ಸ್ಕ್ರೀನಿನಲ್ಲಿ ಬಣ್ಣಬಣ್ಣದ ಗೀಟುಗಳು ಬಂದು ಎಲ್ಲ ಕಪ್ಪಾಯಿತು.

ಒಬ್ಬನೇ ಇದ್ದೆ. ಬಿಚ್ಚಿ ನೋಡಿದೆ. ಫ್ಯಾನಿನ ಎಲೆಗಳ ಸಂದಿನಲ್ಲಿ ಕಪ್ಪು ಅಂಟು. ಊದುಬತ್ತಿಯ ಮಸಿ, ಧೂಳು, ಕೂದಲು, ಕೊಳೆತ ಹಿಂಗಾರದ ಮೊಗ್ಗು ಎಲ್ಲ ಸೇರಿ ಬಚ್ಚಲ ಗುಂಡಿಯಿಂದ ಕೆರೆದು ತೆಗೆದ ಹಾಗೆ ಇತ್ತು. ಕಮಟು ವಾಸನೆ ಹೊಡೆಯುತ್ತಿತ್ತು. ಕೈಗೆ ಸಿಕ್ಕಿದಷ್ಟನ್ನು ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಚರಂಡಿಗೆ ಎಸೆದೆ. ತಪ್ಪು ಯಾರದೆಂದು ಆಗಲೇ ನನಗೆ ಗೊತ್ತಿತ್ತು.

ಅದೇ ದಿನ ಮಧ್ಯಾಹ್ನ ಕಲ್ಲಡ್ಕದ ಗಿರಾಕಿಯೊಬ್ಬರು ಬಂದರು. ಮಗಳ ಮದುವೆಯ ವಿಡಿಯೋ ಬೇಕು, ಮಗಳು ಅಳಿಯ ಆ ವಾರವೇ ದುಬೈಗೆ ಹೊರಟಿದ್ದಾರೆ. ಅವರೂ ಮೀನು ತಿನ್ನದವರು. ಫ್ಯಾನು ಕೆಟ್ಟು ಕಂಪ್ಯೂಟರ್ ನಿಂತಿದೆ ಎಂದೆ.

"ಏನು ಮಾರಾಯ್ರೆ, ಇಷ್ಟು ದೊಡ್ಡ ಸ್ಟುಡಿಯೋ, ಒಂದು ಫ್ಯಾನು ನೋಡಿಕೊಳ್ಳಲಿಕ್ಕೆ ಆಗುವುದಿಲ್ವಾ?"

ನನ್ನ ಬಾಯಿಂದ ಅದು ಹೇಗೆ ಬಂತೋ ಕಾಣೆ ಎಂದು ಬರೆದರೆ ಅದೂ ಸುಳ್ಳೇ. ಯೋಚಿಸಿಯೇ ಹೇಳಿದೆ. ಏನು ಹೇಳಿದರೆ ಅವರು ಮರುಪ್ರಶ್ನೆ ಕೇಳುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಏನು ಹೇಳುವುದು? ಆ ಹೆಂಗಸು ಕಂಪ್ಯೂಟರಿನ ಎದುರೇ ಕೂತು ಮೀನು ತಿನ್ನುವುದು. ವಾಸನೆಗೆ ಜಿರಲೆ ಬಂದು ಫ್ಯಾನಿನೊಳಗೆ ಹೊಕ್ಕಿ ಸತ್ತಿದೆ. ಎಷ್ಟು ಹೇಳಿದರೂ ಕೇಳುವುದಿಲ್ಲ."

ಅವರು ಮೂಗಿಗೆ ಶಾಲು ಹಿಡಿದರು. "ಇಶ್ಶಿ! ಅದೇ ಕೈಯಲ್ಲಾ ನಮ್ಮ ಮದುವೆಯ ಧಾರೆಯ ಚಿತ್ರ ಮುಟ್ಟುವುದು?"

ಹಿಂದಿನ ಬಾಗಿಲು ತೆರೆದೇ ಇತ್ತು. ಮೆಟ್ಟಿಲಿನ ಹತ್ತಿರ ಡಬ್ಬಿ ತೊಳೆಯುವ ಸದ್ದು ನಿಂತುಹೋದದ್ದು ನನಗೆ ಕೇಳಿಸಿತು.

ಗಿರಾಕಿ ಹೋದ ಮೇಲೆ ಅವಳು ಒಳಗೆ ಬಂದಳು. ಕಾರ್ಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಬಂಟ್ವಾಳದ ರಿಪೇರಿಯವನ ಬಳಿ ಹೋಗಿ ಬರುತ್ತೇನೆ ಎಂದು ಬಸ್ಸು ಹತ್ತಿದಳು. ಸಂಜೆ ಮರಳಿದಳು. ರಿಪೇರಿಯವನು ಹಳೆಯ ಫ್ಯಾನುಗಳನ್ನು ಕಿತ್ತು, ಪೆಟ್ಟಿಗೆಗೆ ಹಾಕುವ ದೊಡ್ಡ ಫ್ಯಾನೊಂದನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕಾರ್ಡಿಗೆ ಬಿಗಿದು ಕೊಟ್ಟಿದ್ದ. ನೋಡಲು ಚಂದವಿರಲಿಲ್ಲ, ಆದರೆ ತಿರುಗುತ್ತಿತ್ತು. ಆಮೇಲೆ ಅವಳು ನನ್ನ ಮೇಜಿನ ಮೇಲೆ ಒಂದು ಕಾಗದದ ಪೊಟ್ಟಣ ಬಿಚ್ಚಿಟ್ಟಳು. ನಾನು ಒರೆಸಿದಾಗ ಬಟ್ಟೆಗೆ ಸಿಗದೆ ಫ್ಯಾನಿನ ಅಡಿಯಲ್ಲಿ ಉಳಿದದ್ದು. ಎಣ್ಣೆಯಲ್ಲಿ ಕಪ್ಪಾದ ಹಿಂಗಾರ.

"ತಕೊಳ್ಳಿ ಅಣ್ಣ, ನಿಮ್ಮ ಜಿರಲೆ" ಎಂದಳು. "ರಿಪೇರಿಯವನು ನಗಾಡಿದ. ಇದಕ್ಕೆ ಒಗ್ಗರಣೆ ಹಾಕಿದ್ದು ಯಾರು ಅಂತ ಕೇಳಿದ."

ನಾನು ಕ್ಷಮೆ ಕೇಳಬಹುದಿತ್ತು. "ಸರಿ, ಮೊದಲು ಆ ವಿಡಿಯೋ ಮುಗಿಸು" ಎಂದೆ. ಎರಡು ದಿನದಲ್ಲಿ ಮುಗಿಸಿದಳು. ಮೂರನೇ ದಿನ ಕೀಲಿಕೈ ಮೇಜಿನ ಮೇಲಿಟ್ಟು ಹೋದಳು.

ಇಲ್ಲಿಗೇ ನಿಂತಿದ್ದರೆ ಬೇರೆ ಮಾತು. ಮುಂದಿನ ತಿಂಗಳು ಬೆಳ್ತಂಗಡಿಯ ಸ್ಟುಡಿಯೋದ ಯಜಮಾನ ಫೋನು ಮಾಡಿದ. ಅವಳು ಅಲ್ಲಿ ಕೆಲಸ ಕೇಳಿದ್ದಳು. ಕಲ್ಲಡ್ಕದವರ ಬಾಯಿಂದ ಕಥೆ ಅಲ್ಲಿಗೂ ಮುಟ್ಟಿತ್ತು. "ಹೌದಾ ಇದು?" ಎಂದು ಕೇಳಿದ. ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ನಾನು "ಕೆಲಸದಲ್ಲಿ ಹುಷಾರು, ಆದರೆ..." ಎಂದು ನಿಲ್ಲಿಸಿದೆ. "ಗೊತ್ತಾಯ್ತು ಬಿಡಿ" ಎಂದ ಅವನು. ಅವಳಿಗೆ ಆ ಕೆಲಸ ಸಿಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಪುತ್ತಿಗೆ ಕಡೆಯವರೊಬ್ಬರು ಅವಳು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಾಳೆಂದು ಹೇಳಿದರು. ಆಮೇಲೆ ನನಗೆ ಊಟ ಸೇರಲಿಲ್ಲ. ಅನ್ನಕ್ಕೆ ಕೈ ಹಾಕಿದರೆ ಆ ಕಮಟು ವಾಸನೆ. ಹೆಂಡತಿ ಹೊಸ ಎಣ್ಣೆ ತರಿಸಿದಳು. ವಾಸನೆ ಎಣ್ಣೆಯದಲ್ಲ ಎಂದು ಅವಳಿಗೆ ಹೇಳುವ ಧೈರ್ಯವೂ ನನಗಿರಲಿಲ್ಲ.

ಪುತ್ತಿಗೆಗೆ ಹೋದೆ. ಅವಳು ಜಗಲಿಯಲ್ಲಿ ಮಡಿಲಿಗೆ ಮೊರದಂಥ ತಡಪೆ ಇಟ್ಟುಕೊಂಡು ಬೀಡಿಯ ಎಲೆ ಸುತ್ತುತ್ತಿದ್ದಳು. ಕುಳಿತುಕೊಳ್ಳಿ ಎನ್ನಲಿಲ್ಲ. ನಾನು ನಿಂತೇ ಎಲ್ಲ ಹೇಳಿದೆ, ಬೆಳ್ತಂಗಡಿಯ ಫೋನಿನ ಸಂಗತಿಯನ್ನೂ.

"ನನಗೆ ಯಾಕೆ ಹೇಳ್ತೀರಿ? ನನಗೆ ಗೊತ್ತಿಲ್ಲದ್ದಾ?" ಎಂದಳು, ಕೈ ನಿಲ್ಲಿಸದೆ. "ಬೆಳ್ತಂಗಡಿಯವರಿಗೆ ಹೇಳಿ. ಈಗಲೇ. ನನಗೆ ಕೇಳುವ ಹಾಗೆ."

ಸ್ಪೀಕರ್ ಹಾಕಿ ಫೋನು ಮಾಡಿದೆ. ಜಿರಲೆ ಇರಲಿಲ್ಲ, ತಪ್ಪು ನನ್ನದು, ಅವಳು ಒಳಗೆ ಯಾವತ್ತೂ ಉಂಡವಳಲ್ಲ ಎಂದೆ. ಆಚೆಯಿಂದ ನಗು ಕೇಳಿಸಿತು.

"ನಿಮ್ಮದು ದೊಡ್ಡ ಮನಸ್ಸು ಮಾರಾಯ್ರೆ. ಬಿಟ್ಟು ಹೋದವಳಿಗೋಸ್ಕರ ತಪ್ಪು ನಿಮ್ಮ ತಲೆಗೆ ಹಾಕಿಕೊಳ್ತೀರಲ್ಲ. ಈ ಕಾಲದಲ್ಲಿ ಕೆಲಸದವರಿಗೆ ಇಂಥ ಧನಿ ಎಲ್ಲಿ ಸಿಗ್ತಾರೆ?"

ಅವಳ ಕೈ ಆಗ ನಿಂತಿತು. "ನೋಡಿದ್ರಾ, ಈಗಲೂ ಒಳ್ಳೆಯವರಾದದ್ದು ನೀವೇ."

ಆ ಹೊಗಳಿಕೆ ನನ್ನ ಮೈಗೆ ಉಗುಳು ಅಂಟಿದ ಹಾಗೆ ಅಂಟಿಕೊಂಡಿತು. "ನಾನು ಅಲ್ಲಿಗೇ ಹೋಗ್ತೇನೆ. ನೀನೂ ಬಾ, ಎದುರಲ್ಲೇ ಹೇಳುವ" ಎಂದೆ.

"ನಾನು ಬಂದರೆ ನಾನೇ ಹೇಳಿಸಿದ್ದು ಅಂತಾರೆ. ನೀವೇ ಹೋಗಿ."

ಮರುದಿನ ಬೆಳ್ತಂಗಡಿಗೆ ಹೋದೆ. ಸ್ಟುಡಿಯೋದಲ್ಲಿ ಕೆಲಸದವರಿದ್ದರು, ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರಿದ್ದರು. ಯಜಮಾನ ಎದ್ದು ಕುರ್ಚಿ ಕೊಟ್ಟ. ನಾನು ಕುಳಿತುಕೊಳ್ಳಲಿಲ್ಲ. ಈ ಸಲ ತಪ್ಪು, ಕ್ಷಮೆ ಎಂಬ ಮಾತುಗಳನ್ನೆಲ್ಲ ಬಿಟ್ಟು, ಮಾಡಿದ್ದನ್ನು ಮಾತ್ರ ಹೇಳಿದೆ. ಬೇಡವೆಂದರೂ ಕಾರ್ಡಿನ ಮೇಲೆ ಹಿಂಗಾರ ಇಟ್ಟದ್ದು. ಕಡ್ಡಿಯಲ್ಲಿ ತೆಂಗಿನೆಣ್ಣೆ ಬಿಟ್ಟದ್ದು, ಎಷ್ಟು ಸಲ, ಯಾವ ಸಂದಿಗೆ. ಅದು ಕೊಳೆತು ಯಾವ ಬಣ್ಣಕ್ಕೆ ಬಂತು, ಎಂಥ ವಾಸನೆ ಬಂತು, ಬಟ್ಟೆಯನ್ನು ಎಲ್ಲಿ ಎಸೆದೆ.

ಅವನ ಮುಖ ಮೆಲ್ಲಗೆ ಹುಳಿ ತಿಂದ ಹಾಗಾಯಿತು. "ಗ್ರಾಫಿಕ್ಸ್ ಕಾರ್ಡಿಗೆ ತೆಂಗಿನೆಣ್ಣೆಯಾ? ಥೂ, ಎಂಥ ಹೇಸಿಗೆ ಮಾರಾಯ್ರೆ!" ಎಂದ. ಕಂಪ್ಯೂಟರಿನ ಎದುರಿದ್ದವನು ನನ್ನ ಕೈಯ ಕಡೆ ನೋಡಿ ತನ್ನ ಕುರ್ಚಿಯನ್ನು ಆಚೆ ಎಳೆದುಕೊಂಡ.

"ಮತ್ತೆ ಅವಳ ಮೇಲೆ ಯಾಕೆ ಹಾಕಿದ್ರಿ?"

"ಮೀನು ಅಂದರೆ ನೀವು ಕೂಡಲೇ ನಂಬ್ತೀರಿ ಅಂತ ಗೊತ್ತಿತ್ತು."

ಅವನು ತಲೆ ತಗ್ಗಿಸಿದ. ನನ್ನ ಮುಖ ನೋಡದೆ, "ಅವಳ ನಂಬರ್ ಉಂಟಾ?" ಎಂದು ಕೇಳಿದ.

ಕೊಟ್ಟೆ. ಅವಳು ಈಗ ಅಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಮೂಡುಬಿದಿರೆಯಲ್ಲಿ ಇಳಿದು ಬೆಳ್ತಂಗಡಿಯ ಬಸ್ಸು ಹಿಡಿಯಲು ನನ್ನ ಸ್ಟುಡಿಯೋದ ಎದುರಿನಿಂದಲೇ ದಾಟಬೇಕು. ದಾಟುತ್ತಾಳೆ, ಒಳಗೆ ನೋಡುವುದಿಲ್ಲ. ನಾನೂ ಕರೆಯುವುದಿಲ್ಲ.