ಹೋಟೆಲಿನ ಬಾಗಿಲಲ್ಲಿ ಭಾವ

ಬೇಸಿಗೆ ರಿಯಾಯಿತಿಯಲ್ಲಿ ಅರ್ಧ ದರಕ್ಕೆ ಒಂದು ದಿನದ ವಾಸವೆಂದು ಪತ್ರಿಕೆಯಲ್ಲಿ ನೋಡಿ, ನಾನೂ ಹೆಂಡತಿಯೂ ಗೌರಿಬಿದನೂರಿನಿಂದ ಬೆಂಗಳೂರು ವಿಮಾನ ನಿಲ್ದಾಣದ ಬಳಿಯ ಹೋಟೆಲಿಗೆ ಬಂದೆವು. ಜರಿಪೇಟ ತೊಟ್ಟ, ಬಾಗಿಲು ಕಾಯುವವರು ಸೆಲ್ಯೂಟ್ ಹೊಡೆದರು. ಮುಖ ನೋಡಿದರೆ, ಎರಡು ವರ್ಷದಿಂದ ದುಬೈನಲ್ಲಿದ್ದಾರೆಂದು ನಾವೆಲ್ಲ ನಂಬಿದ್ದ, ಚಿಂತಾಮಣಿಯ ನನ್ನ ಅಕ್ಕನ ಗಂಡ.

“ಭಾವ, ನೀವಿಲ್ಲಿ?”

“ಏಜೆಂಟು ಮೋಸ ಮಾಡ್ದ ಕಣಪ್ಪ. ವಿಮಾನಾನೇ ಹತ್ಲಿಲ್ಲ. ಯಾವ ಮುಖ ಇಟ್ಕೊಂಡು ಮನೆಗೆ ಬರ್ಲಿ?”

“ಅಕ್ಕನಿಗೆ ದುಬೈಯಿಂದ ಕಾಗದ ಬರ್ತಿತ್ತಲ್ಲ?”

“ಅಲ್ಲಿಗೆ ಹೋಗೋ ಗೆಸ್ಟುಗಳ ಕೈಲಿ ಕೊಟ್ಟು ಹಾಕಿಸ್ತಿದ್ದೆ.”

ಹೆಂಡತಿಯೇ, “ಪೇಟ ಬಿಚ್ಚಿಟ್ಟು ಬನ್ನಿ ಅಣ್ಣ, ಹೋಗಣ” ಅಂದಳು.

ಇದನ್ನು ಬರೆಯುವಾಗ ಚಿಂತಾಮಣಿ ಬಸ್ಸು ಕೈವಾರ ಕ್ರಾಸು ದಾಟಿದೆ. ಕಿಟಕಿ ಪಕ್ಕದಲ್ಲಿ ಕೂತ ಭಾವ, “ಮೊದ್ಲು ನೀನು ಮನೆಯೊಳಕ್ಕೆ ಹೋಗಪ್ಪ” ಅನ್ನುತ್ತಿದ್ದಾರೆ.