ಬೇಲಿಯಾಚೆಯ ಡೇರೆ

೧೯೭೯ರಲ್ಲಿ, ಏಳನೇ ತರಗತಿಯ ಅರ್ಧಕ್ಕೆ, ನಾನು ಶಾಲೆ ಬಿಟ್ಟೆ. ಈ ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ. ಹೊಲಿಗೆಯಲ್ಲಿ ತಪ್ಪಿದ್ದರೆ ಹೇಳಿ, ಬಿಚ್ಚಿ ಮತ್ತೆ ಹೊಲಿದುಕೊಡುತ್ತೇನೆ. ಚಳ್ಳಕೆರೆಯಲ್ಲಿ ಲಾರಿಗಳಿಗೆ ಟಾರ್ಪಾಲ್ ಹೊಲಿಯುವುದು ನನ್ನ ಕಸುಬು.

ಮೊನ್ನೆ ಡ್ರೈವರೊಬ್ಬ ಹಳೆಯ ಕ್ಯಾನ್ವಾಸ್ ಒಂದನ್ನು ತೇಪೆಗೆ ತಂದು ಹಾಕಿದ. ಈಗೆಲ್ಲ ಪ್ಲಾಸ್ಟಿಕ್, ಅಂಥ ದಪ್ಪ ಬಟ್ಟೆ ಅಪರೂಪ. ಮಡಿಕೆ ಬಿಚ್ಚಿದ ಕೂಡಲೇ ಮೇಣದ, ಮುಗ್ಗಿದ ಹತ್ತಿಯ ವಾಸನೆ ಎದ್ದಿತು. ಕತ್ತರಿ ಹಿಡಿದ ಕೈ ಹಾಗೇ ನಿಂತಿತು. ಮಿಲ್ಟ್ರಿ ಡಾಕ್ಟರು ನೆನಪಾದರು...

ಅವರಿಗೆ ಹೆಸರಿತ್ತು, ಬೋರ್ಡಿನ ಮೇಲೆ ಪದವಿಗಳೂ ಇದ್ದವು. ಆದರೆ ಮೊಳಕಾಲ್ಮೂರು ಕಡೆಯ ಹಳ್ಳಿಗಳಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಸೈನ್ಯದಲ್ಲಿ ವೈದ್ಯರಾಗಿ, ಗಡಿಯಲ್ಲಿ ಯುದ್ಧ ಕಂಡು, ಗುಂಡಿನ ಸದ್ದಿಗೆ ಎಡಗಿವಿ ಕಳೆದುಕೊಂಡು ಊರಿಗೆ ಮರಳಿದವರು. ಎರಡು ಕೋಣೆಯ ದವಾಖಾನೆ, ಒಂದು ಹಳೇ ಜೀಪು. ಹಣ್ಣು ಮುದುಕಿ ಬಂದರೂ, "ಜವಾನ್, ನಾಲಿಗೆ ತೋರ್ಸು" ಎನ್ನುವರು. ಮುದುಕಿಯರು ಬಿಡುತ್ತಿದ್ದರೇ? "ಯುದ್ಧ ಮುಗ್ದೈತೆ ಕಣಪ್ಪಾ, ಮೆಲ್ಲಗೆ ಚುಚ್ಚು" ಎನ್ನುತ್ತಿದ್ದರು. ಅವರು ಬಲಗಿವಿ ಒಡ್ಡಿ ಕೇಳಿ ನಗುತ್ತಿದ್ದರು.

ಆಗ ನಾನು ಕಡಲೆಕಾಯಿ ಎಣ್ಣೆ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದೆ. ನಮ್ಮ ಹಟ್ಟಿಗೆ ಒಂದು ಕಟ್ಟಳೆಯಿತ್ತು. ಹೆತ್ತವಳು ಕೂಸಿನೊಂದಿಗೆ ಮುಳ್ಳುಬೇಲಿಯಾಚೆಯ ಗುಡಿಸಲಲ್ಲಿರಬೇಕು, ಸೂತಕ ಕಳೆಯುವ ತನಕ ಒಳಗೆ ಬರುವಂತಿಲ್ಲ. ನನ್ನ ಅವ್ವ ನನ್ನನ್ನು ಹೆತ್ತು ಮಲಗಿದ್ದೂ ಅಲ್ಲಿಯೇ. ನನ್ನ ಹೆಂಡತಿ ಹೆತ್ತ ವಾರ ಮಳೆ ಹಿಡಿಯಿತು. ಗುಡಿಸಲು ಸೋರಿತು. ಜ್ವರ ಏರಿ ಅವಳು ಕೂಸನ್ನೂ ಗುರುತಿಸದಂತಾದಳು. ಸಿಕ್ಕ ಬಸ್ಸು ಹತ್ತಿ ದವಾಖಾನೆಗೆ ಓಡಿದೆ.

"ಗುಡಿಸ್ಲು ಸೋರ್ತೈತೇನು?" ಡಾಕ್ಟರು ಕೇಳಿದ್ದು ಅದೊಂದೇ. ಔಷಧದ ಪೆಟ್ಟಿಗೆಯ ಜೊತೆ ದೊಡ್ಡದೊಂದು ಕ್ಯಾನ್ವಾಸ್ ಗಂಟನ್ನೂ ಜೀಪಿಗೆ ಎಸೆದರು. ಹಟ್ಟಿಯ ಹತ್ತಿರ ಹಳ್ಳ ತುಂಬಿ ಬಂದಿತ್ತು, ಜೀಪು ಈಚೆ ದಡದಲ್ಲೇ ನಿಂತಿತು. ಗಂಟು ನನ್ನ ತಲೆಯ ಮೇಲೆ, ಪೆಟ್ಟಿಗೆ ಅವರ ತಲೆಯ ಮೇಲೆ. ಎದೆಮಟ್ಟದ ನೀರಿನಲ್ಲಿ ದಾಟಿದೆವು.

"ನಂಜೇರೈತೆ" ಎಂದರು ಗುಡಿಸಲೊಳಗೆ ಅವಳನ್ನು ನೋಡಿ. "ಹಳ್ಳ ಇಳಿಯೋ ತನಕ ಆಸ್ಪತ್ರೆಗೆ ಒಯ್ಯಂಗಿಲ್ಲ. ಒಣ ಜಾಗ ಬೇಕು, ಈಗ್ಲೇ." ಅವಳು ಆಂಧ್ರದ ಗಡಿಯವಳು. ಕಿವಿಯ ಬಳಿ ಬಗ್ಗಿ, "ಭಯಪಡೊದ್ದು ತಲ್ಲಿ, ನೇನುನ್ನಾನು" ಎಂದರು. ಹೆದರಬೇಡ ತಾಯಿ, ನಾನಿದ್ದೀನಿ ಎಂದು ಅವಳ ಮಾತಿನಲ್ಲೇ ಹೇಳಿದರು.

ನಾನು ಅವಳನ್ನು ಎತ್ತಿಕೊಂಡು ಮನೆಗೇ ನುಗ್ಗಲು ಹೊರಟೆ. ಹಟ್ಟಿಯ ಯಜಮಾನರು ಬೇಲಿಗೆ ಅಡ್ಡ ನಿಂತರು. ಹಿಂದೆ ಅವ್ವ ಸೆರಗು ಬಾಯಿಗಿಟ್ಟು ಅಳುತ್ತಿದ್ದಳು.

"ಲೇ, ಒಳಗೆ ದೇವ್ರೈತೆ. ಒಬ್ಬಳಿಗೋಸ್ಕರ ಹಟ್ಟಿನೆಲ್ಲ ಮೈಲಿಗೆ ಮಾಡ್ತೀಯೇನ್ಲೇ?"

ನಾನು ಡಾಕ್ಟರ ಮುಖ ನೋಡಿದೆ. ಇವರು ಒಂದು ಸಲ ಗದರಿದರೆ ಎಲ್ಲರೂ ದಾರಿ ಬಿಡುತ್ತಾರೆ ಎಂದುಕೊಂಡೆ. ಅವರು ಗದರಲಿಲ್ಲ.

"ಯಜಮಾನ್ರೇ, ನಿಮ್ಮ ಗಡಿ ಎಲ್ಲೈತೆ ತೋರಿಸ್ರಿ."

ಯಜಮಾನರು ಬೇಲಿ ತೋರಿಸಿದರು.

"ಇದರಿಂದ ಈಚೆ ನಂದು. ಆಯ್ತಾ?"

"ಈಚೆ ಏನಾರ ಮಾಡ್ಕೊಳ್ರಿ. ನಮಗೇನೈತೆ?"

ಅವರಿಗೆ ಅಷ್ಟೇ ಬೇಕಿತ್ತು. ಗಂಟು ಬಿಚ್ಚಿದರು. ಸೈನ್ಯದವರು ಹರಾಜು ಹಾಕಿದ್ದ ಹಳೇ ಡೇರೆ. ಎತ್ತರದ ನೆಲ ಆರಿಸಿ, ನನ್ನ ಕೈಯಲ್ಲಿ ಸುತ್ತ ಕಾಲುವೆ ತೋಡಿಸಿ, ಗೂಟ ಹೊಡೆಸಿದರು. ಗಾಳಿಗೆ ಡೇರೆ ಹಾರತೊಡಗಿತು. ಹಗ್ಗದ ತುದಿಯನ್ನು ಬೇಲಿಯ ಮೇಲಿಂದ ಎಸೆದು ಕೂಗಿದರು:

"ಹಿಡೀರಿ ಯಜಮಾನ್ರೇ! ಗಡಿ ದಾಟ್ಬೇಡ್ರಿ, ಅಲ್ಲಿಂದ್ಲೇ ಎಳೀರಿ!"

ಯಜಮಾನರು ಒಂದು ಗಳಿಗೆ ಕಕ್ಕಾಬಿಕ್ಕಿಯಾದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಎಳೆದರು. ಡೇರೆ ನಿಂತಿತು. ಬೇಲಿಯ ಮೇಲಿಂದ ಒಣ ಕಂಬಳಿ ಬಂತು, ಕೆಂಡ ಬಂತು, ಬಿಸಿನೀರು ಬಂತು.

ಹಳ್ಳ ಇಳಿಯುವ ತನಕ ಡಾಕ್ಟರು ಅಲ್ಲಿಂದ ಕದಲಲಿಲ್ಲ. ಡೇರೆಯ ಕಂಬಕ್ಕೆ ಗ್ಲೂಕೋಸ್ ಬಾಟಲಿ ಕಟ್ಟಿ, ಪೆಟ್ಟಿಗೆಯ ಮೇಲೆ ಕೂತಿದ್ದರು. ನನಗೆ ಸಿಟ್ಟು ಇಳಿದಿರಲಿಲ್ಲ. "ಯಾಕೆ ಬೈಲಿಲ್ಲ ಸಾರ್ ಅವರನ್ನ?" ಎಂದು ಕೇಳಿಯೇಬಿಟ್ಟೆ.

"ನಾನು ಬೈದು ಜೀಪ್ ಹತ್ತಿ ಹೋಗ್ತೀನಿ. ಆಮ್ಯಾಲೆ ಇವರ ನಡುವೆ ಇರಬೇಕಾದೋಳು ಅವಳು. ಮೊದ್ಲು ಜೀವ ಉಳೀಲಿ. ಜಗಳ ಎಲ್ಲಿಗೆ ಓಡಿಹೋಗ್ತೈತೆ?"

ಬಾಟಲಿಯ ಹನಿ ನೋಡುತ್ತಾ, "ಇಂಥದ್ದೇ ಡೇರೆಯಾಗೆ ನನ್ನ ಕೈಯಾಗೆ ಎಷ್ಟೋ ಹುಡುಗ್ರು..." ಎಂದರು. ಕೂಸಿನ ಅಂಗಾಲು ಬೆಚ್ಚಗಿದೆಯೇ ಎಂದು ಮುಟ್ಟಿ ನೋಡಿದರು.

ಮಳೆ ನಿಂತ ಬೆಳಗ್ಗೆ ಜ್ವರ ಬಿಟ್ಟಿತು. "ಕೂಸೆಲ್ಲಿ?" ಎಂದಳು ನನ್ನ ಹೆಂಡತಿ. ಡಾಕ್ಟರು ಎದ್ದು ಹೊರಗೆ ಹೋಗಿ, ನಮಗೆ ಬೆನ್ನು ಹಾಕಿ ಬಹಳ ಹೊತ್ತು ನಿಂತಿದ್ದರು.

ಡೇರೆಯನ್ನು ಹಟ್ಟಿಗೇ ಬಿಟ್ಟರು. ಬಿಟ್ಟಿ ಬೇಡ ಎಂದೆ ನಾನು. "ಹರಿದ್ರೆ ಹೊಲಿ. ಅದೇ ಫೀಸು" ಎಂದರು. ಹೊಲಿಯಲು ನನಗೆ ಬರುತ್ತಿರಲಿಲ್ಲ. ಚಳ್ಳಕೆರೆ ಪೇಟೆಯಲ್ಲಿ ಟಾರ್ಪಾಲ್ ಹೊಲಿಯುತ್ತಿದ್ದ ಸಾಬರೊಬ್ಬರ ಬಳಿ ಮಿಲ್ಲಿನ ಕೆಲಸ ಮುಗಿಸಿ ಹೋಗಿ ಕೂತೆ. "ಅರೆ, ಹಮಾಲಿ ಕೈಗೆ ಸೂಜಿ!" ಎಂದು ಅವರು ನಕ್ಕರು, ಕಲಿಸಿಯೂ ಕೊಟ್ಟರು. ನನ್ನ ಅನ್ನದ ದಾರಿ ಶುರುವಾದದ್ದು ಹಾಗೆ. ಎಷ್ಟೋ ಬಾಣಂತಿಯರು, ಯಜಮಾನರ ಸೊಸೆಯೂ ಸೇರಿ, ಆ ಡೇರೆಯಲ್ಲಿ ಬೆಚ್ಚಗೆ ಮಲಗಿದರು. ಕೊನೆಗೆ ಬಟ್ಟೆಗಿಂತ ತೇಪೆಯೇ ಹೆಚ್ಚಾಗಿತ್ತು...

ಡಾಕ್ಟರು ಮುಂದಕ್ಕೆ ಹಾಕಿದ್ದ ಆ ಜಗಳವನ್ನು ವರ್ಷಗಳ ಮೇಲೆ ನಾನೇ ಮಾಡಿದೆ. ಡೇರೆಯಲ್ಲಿ ಉಳಿದ ಆ ಕೂಸು, ನನ್ನ ಮಗಳು, ಹೆರಿಗೆಯಾಗಿ ಬಂದಾಗ ಬೇಲಿಯ ಬಳಿ ನಿಲ್ಲಿಸಲಿಲ್ಲ, ನೇರ ಮನೆಯೊಳಗೆ ಕರೆದೊಯ್ದೆ. ಅಡ್ಡ ಬಂದವರಿಗೆ ಉತ್ತರ ಕೊಟ್ಟವಳು ಅವ್ವ: "ನಾನು ಮಳೆಯಾಗೆ ನೆಂದಿದ್ದು ಸಾಕು. ದಾರಿ ಬಿಡ್ರಿ." ದಾರಿ ಬಿಟ್ಟರು. ಇದನ್ನು ಡಾಕ್ಟರಿಗೆ ಹೇಳಬೇಕಿತ್ತು. ಅದಕ್ಕೆ ಮುಂಚೆಯೇ ಅವರು ತೀರಿಕೊಂಡಿದ್ದರು. ನಾನು ಬಟ್ಟೆ ಖರೀದಿಗೆಂದು ಹುಬ್ಬಳ್ಳಿಗೆ ಹೋಗಿದ್ದೆ, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮುಖ ನೋಡಲಿಲ್ಲ.

ಈಗ ನನಗಿರುವುದು ಇಷ್ಟು: ಒಂದು ಅಂಗಡಿ, ಎರಡು ಮಷೀನು, ಒಬ್ಬಳು ಹೆಂಡತಿ, ಒಬ್ಬಳು ಮಗಳು, ಒಬ್ಬ ಮೊಮ್ಮಗ. ಅಂಗಡಿ, ಮಷೀನು ನಾನು ದುಡಿದದ್ದು.