ಸೋಪಿನ ಡಬ್ಬಿಯೊಳಗಿನ ಬೆಳಕು

ಇವತ್ತು ಬೆಳಿಗ್ಗೆ ಸಂಡೂರಿಗೆ ಹೊರಡುವ ತಯಾರಿಯಲ್ಲಿದ್ದ ನನ್ನ ಹೆಂಡತಿ ಈ ಸಲವಾದರೂ ಸೋಪಿನ ಡಬ್ಬಿ ಹುಡುಕಿಕೊಡಿ ಎಂದಳು. ಬೀರುವಿನ ಮೇಲಿದ್ದ ಹಳೆಯ ವೈರುಗಳ ಚೀಲಕ್ಕೆ ಕೈ ಹಾಕಿದರೆ ನೀಲಿ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದೆ. ಇಷ್ಟು ವರ್ಷವಾದರೂ ಗಂಧದ ಸೋಪಿನ ವಾಸನೆ ಹೋಗಿರಲಿಲ್ಲ, ಅದರ ಜೊತೆ ಸೋಲ್ಡರಿಂಗಿನ ಘಾಟೂ ಸೇರಿಕೊಂಡಿತ್ತು. ಒಂದು ತುದಿಯಲ್ಲಿ ಯುಎಸ್‌ಬಿ ವೈರು, ಇನ್ನೊಂದು ತುದಿಯಲ್ಲಿ ಮೂರು ತೂತಿನ ಸಾಕೆಟ್ಟು. ಇದರಲ್ಲಿ ಸೋಪು ಇಡುವಂತಿಲ್ಲ. ಯಾಕೆಂದು ಹೇಳುತ್ತೇನೆ, ನಿಮಗೆ ಅವಸರವಿಲ್ಲದಿದ್ದರೆ ಕೂತುಕೊಳ್ಳಿ. ಬಸ್ಸಿಗೆ ಇನ್ನೂ ಹೊತ್ತಿದೆ.

ನನ್ನ ಗೆಳೆಯ ಪಂಪಾಪತಿ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಾನೆ. ಗಿರಣಿ ಹೊಟ್ಟೆಪಾಡಿಗೆ, ಜೀವವೆಲ್ಲ ಹಾರ್ಮೋನಿಯಮ್ಮಿನ ಮೇಲೆ. ಸುಗ್ಗಿ ಮುಗಿದು ಕೈ ಸ್ವಲ್ಪ ಬಿಡುವಾದರೆ ಸಾಕು, ನಾಟಕ ಎತ್ತಿಕೊಳ್ಳುತ್ತಾನೆ. ಅವನ ತಾಯಿಯ ತಂಗಿ ಶಾಂತವ್ವ ಆ ನಾಟಕಗಳ ಹಾಡುಗಾರ್ತಿ. ಅವನಿಗೆ ಚಿಗವ್ವ, ಅವರ ಕೈಯ ರೊಟ್ಟಿ, ಶೇಂಗಾ ಚಟ್ನಿ ತಿಂದ ಋಣಕ್ಕೆ ನನಗೂ ಚಿಗವ್ವ. ಹೊಸಪೇಟೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನನಗೆ ಬಣ್ಣ ಹಚ್ಚುವ ಯೋಗ್ಯತೆ ಇಲ್ಲವೆಂದು ಮೊದಲೇ ತೀರ್ಮಾನವಾಗಿದ್ದರಿಂದ ಲೈಟಿನ ಸ್ವಿಚ್ಚು ಒತ್ತುವ ಕೆಲಸ ಕೊಟ್ಟಿದ್ದರು. ಮನೆಯಲ್ಲಿ ನಾನು ಅದನ್ನು ಬೆಳಕಿನ ನಿರ್ದೇಶನ ಎಂದು ಹೇಳಿಕೊಳ್ಳುತ್ತಿದ್ದೆ.

ಚಿಗವ್ವನಿಗೆ ಕಣ್ಣಿನ ಆಪರೇಷನ್ ಆಯಿತು. ಆಮೇಲೆ ದಿಢೀರನೆ ಬೆಳಕು ಬಿದ್ದರೆ ಅವರಿಗೆ ಮುಂದಿನದು ಏನೂ ಕಾಣುತ್ತಿರಲಿಲ್ಲ. ನಮ್ಮ ಸ್ವಿಚ್ಚಿಗೆ ಗೊತ್ತಿದ್ದದ್ದೋ ಪೂರ್ತಿ ಬೆಳಕು, ಇಲ್ಲವೇ ಪೂರ್ತಿ ಕತ್ತಲೆ. ಕಮಲಾಪುರದ ನಾಟಕದಲ್ಲಿ ಪರದೆ ಎದ್ದು ಲೈಟು ಹತ್ತಿದ್ದೇ ಅವರು ಮೆಟ್ಟಿಲು ತಪ್ಪಿ ರಂಗದ ಮೇಲೆ ಕುಸಿದು ಕೂತರು. ಪೆಟ್ಟೇನೂ ಆಗಲಿಲ್ಲ, ಆದರೆ ಮುಂದಿನ ಸಾಲಿನವರು ನಕ್ಕದ್ದು ಅವರಿಗೆ ಕೇಳಿಸಿತ್ತು.

"ಸಾಕಪ್ಪಾ ಪಂಪಾ, ಇನ್ನ ನಾ ಒಲ್ಲೆ," ಎಂದರು ಮನೆಗೆ ಬಂದಮೇಲೆ.

ಪಂಪಾಪತಿ ಹಾರ್ಮೋನಿಯಮ್ಮಿಗೆ ಬಟ್ಟೆ ಮುಚ್ಚಿಬಿಟ್ಟ. ಚಿಗವ್ವನ ಹಾಡಿಲ್ಲದ ನಾಟಕ ಯಾರಿಗೆ ಬೇಕು? ನನಗೂ ಬೇಕಿರಲಿಲ್ಲ. ಆ ದಿನಗಳಲ್ಲಿ ಅವರ ಮನೆಗೆ ಹೋದರೆ ರೊಟ್ಟಿ ಸಿಗುತ್ತಿತ್ತು, ಮಾತು ಸಿಗುತ್ತಿರಲಿಲ್ಲ.

ಹೊಸ ಎಲ್‌ಇಡಿ ಲೈಟುಗಳು ಹೇಳಿದ ಮಾತು ಕೇಳುತ್ತವೆ. ಎಷ್ಟು ಹಳದಿ, ಎಷ್ಟು ನೀಲಿ, ಎಷ್ಟು ಮೆಲ್ಲಗೆ, ಎಲ್ಲಕ್ಕೂ ಒಂದು ವೈರಿನಲ್ಲಿ ಅಪ್ಪಣೆ ಕಳಿಸಬಹುದು. ಅಪ್ಪಣೆ ಕಳಿಸುವ ದೊಡ್ಡ ಬೋರ್ಡು ಬಾಡಿಗೆ ಅಂಗಡಿಯಲ್ಲಿತ್ತು, ಆದರೆ ಅದು ಯಾವಾಗ ನೋಡಿದರೂ ಮದುವೆಗೆ ಹೋಗಿರುತ್ತಿತ್ತು. ನನ್ನ ಹಳೆಯ ಲ್ಯಾಪ್‌ಟಾಪಿಗೇ ಆ ಕೆಲಸ ಕಲಿಸಬಹುದು, ನಡುವೆ ಒಂದು ದುಭಾಷಿ ಇದ್ದರಾಯಿತು ಎಂದು ಎಲ್ಲೋ ಓದಿದೆ. ಹೆಬ್ಬೆರಳಿನಷ್ಟು ದೊಡ್ಡ ದುಭಾಷಿ ಸರ್ಕ್ಯೂಟೊಂದನ್ನು ಪಾರ್ಸೆಲ್ಲಿನಲ್ಲಿ ತರಿಸಿ, ಲೈಟಿನ ವೈರು ಸಿಕ್ಕಿಸುವ ಸಾಕೆಟ್ಟಿಗೆ ಬೆಸೆದು, ಹೆಂಡತಿಯ ಸೋಪಿನ ಡಬ್ಬಿಯಲ್ಲಿ ಕೂರಿಸಿದೆ. ನೀರು ಬಸಿಯಲೆಂದು ತಳದಲ್ಲಿ ತೂತುಗಳಿದ್ದವಲ್ಲ, ವೈರು ತೂರಿಸಲು ಅನುಕೂಲವಾಯಿತು. ಸೋಪು ಮಾತ್ರ ಅಂದಿನಿಂದ ನಮ್ಮ ಮನೆಯಲ್ಲಿ ಪೇಪರು ಸುತ್ತಿಕೊಂಡೇ ಪ್ರಯಾಣ ಮಾಡುತ್ತಿದೆ.

ಮೊದಲ ದಿನ ಗಿರಣಿಯಲ್ಲಿ ಎರಡು ತಂತಿ ಅದಲುಬದಲಾಗಿ, ಬಾಡಿಗೆಗೆ ತಂದ ಲೈಟುಗಳು ಹುಚ್ಚು ಹಿಡಿದಂತೆ ಮಿನುಗಿದವು. ಪಂಪಾಪತಿ ಇದೇನು ಗಣಪತಿ ಪೆಂಡಾಲೇ ಎಂದು ಕೇಳಿದ. ತಂತಿ ಬದಲಿಸಿದೆ. ಗಿರಣಿಯ ಗೋಡೆಯ ಮೇಲೆ ಹಳದಿ ಬೆಳಕು ಮೆಲ್ಲಗೆ ಏರಿತು, ಮೆಲ್ಲಗೆ ಇಳಿಯಿತು. ಚೀಲಗಳ ಮೇಲೆ ಕೂತು ನೋಡುತ್ತಿದ್ದ ಚಿಗವ್ವ ಇನ್ನೊಂದು ಸಲ ತೋರಿಸಲು ಹೇಳಿದರು. ತೋರಿಸಿದೆ. ಕೊನೆಗೆ, ಒಂದು ನಾಟಕ ಮಾಡಿ ನೋಡುತ್ತೇನೆ, ಆಗದಿದ್ದರೆ ಮತ್ತೆ ಕೇಳಬಾರದು ಎಂದರು.

ಆ ಒಂದು ನಾಟಕಕ್ಕೆ ನಾನು ಮಾಡಿದಷ್ಟು ಸಿದ್ಧತೆ ನನ್ನ ಮದುವೆಗೂ ಮಾಡಿಕೊಂಡಿರಲಿಲ್ಲ. ತಾಲೀಮಿನಲ್ಲಿ ಪ್ರತಿ ಹಾಡಿಗೂ ಗಡಿಯಾರ ಹಿಡಿದು, ಅಷ್ಟಕ್ಕೆ ಸರಿಯಾಗಿ ಬೆಳಕು ತಾನೇ ಬದಲಾಗುವಂತೆ ಲ್ಯಾಪ್‌ಟಾಪಿಗೆ ಕಲಿಸಿದೆ. ಕೈ ಕಟ್ಟಿ ಕೂತು ನಾಟಕ ನೋಡುವುದೊಂದೇ ಬಾಕಿ.

ಕಂಪ್ಲಿಯ ರಂಗಕ್ಕೆ ಚಿಗವ್ವ ಬಂದರು. ಬೆಳಕು ಮೆಲ್ಲಗೆ ಏರಿತು, ಅವರ ಹೆಜ್ಜೆ ತಪ್ಪಲಿಲ್ಲ. ಹಾಡಿದರು. ಹಾಡು ಮುಗಿದದ್ದೇ ಜನ ಒನ್ಸ್ ಮೋರ್ ಎಂದು ಕೂಗಿದರು. ನಮ್ಮ ಕಡೆ ನಾಟಕ ಕಂಡವರಿಗೆಲ್ಲ ಗೊತ್ತು, ಒಳ್ಳೆಯ ಹಾಡು ಒಂದೇ ಸಲಕ್ಕೆ ಮುಗಿಯುವುದಿಲ್ಲ. ಆದರೆ ತಾಲೀಮಿನಲ್ಲಿ ಒನ್ಸ್ ಮೋರ್ ಕೂಗುವವರು ಯಾರು? ಪಂಪಾಪತಿಯ ಕೈ ಅಭ್ಯಾಸದಂತೆ ಪಲ್ಲವಿಗೆ ಮರಳಿತು, ಚಿಗವ್ವ ಎತ್ತಿಕೊಂಡರು. ವಿಧೇಯ ಲ್ಯಾಪ್‌ಟಾಪು ಹಾಡಿನ ಹೊತ್ತು ಮುಗಿಯಿತೆಂದು ಅವರ ಮೇಲಿನ ಬೆಳಕು ಕಿತ್ತುಕೊಂಡು, ಹಿಂದಿನ ಪರದೆಯ ಕಾಡಿಗೆ ನೀಲಿ ಬೆಳದಿಂಗಳು ಹರಡಿತು.

ಎಲ್ಲ ಮುಗಿಯಿತು ಎಂದುಕೊಂಡೆ. ಆದರೆ ಕತ್ತಲಲ್ಲಿ ಹಾಡು ನಿಂತಿರಲಿಲ್ಲ. ಲ್ಯಾಪ್‌ಟಾಪಿನ ಗಡಿಯಾರದ ಓಟ ನಿಲ್ಲಿಸಿದೆ. ದನಿ ಏರಿದಷ್ಟೇ ಬೆಳಕನ್ನು ಕೈಯಿಂದ ಏರಿಸುತ್ತ ಹೋದೆ. ಅವರ ಮುಖ ಪೂರ್ತಿ ಕಾಣುವ ಹೊತ್ತಿಗೆ ಚಪ್ಪಾಳೆ. ಇದೂ ನಾಟಕದ್ದೇ ಎಂದುಕೊಂಡ ಜನ ಮತ್ತೊಮ್ಮೆ ಕೇಳಿದರು. ಈ ಸಲ ಕತ್ತಲೆಯನ್ನು ನಾನೇ ತಂದೆ.

ಬಣ್ಣ ಒರೆಸಿಕೊಳ್ಳುತ್ತ ಚಿಗವ್ವ ಹೇಳಿದರು: "ಕತ್ತಲಾದ್ರ ಆಗ್ಲಿ ಬಿಡ್ರಿ ಮೇಷ್ಟ್ರ, ಹಾಡಾಕ ಕಣ್ಣು ಬೇಕಾಗಂಗಿಲ್ಲ. ನನ್ನ ದನಿ ಕೇಳಿ ಬೆಳಕು ಬಂತಲ್ಲ, ಅದು ಭಾಳ ಚಲೋ ಆತು. ಮುಂದಿನ ನಾಟಕ ಯಾವಾಗಂತ?"

ಈಗ ಸಂಡೂರಿನ ನಾಟಕಕ್ಕೆ ಬಾಡಿಗೆ ಲೈಟಿನ ಜೊತೆಗೇ ಬೋರ್ಡೂ ಬರುತ್ತದೆ, ಅದನ್ನು ನಡೆಸುವವರೂ ಬರುತ್ತಾರೆ. ಡಬ್ಬಿ ಬೇಡ, ಮುಂದೆ ಕೂತು ಆರಾಮಾಗಿ ನೋಡು ಎಂದಿದ್ದ ಪಂಪಾಪತಿ. ಸಂತೋಷವೇ. ಸ್ವಲ್ಪ ಬೇಜಾರೂ ಆಗಿತ್ತೆಂದು ನಿಮ್ಮ ಮುಂದೆ ಮುಚ್ಚಿಡುವುದೇನಿದೆ. ಹೀಗೆ ಡಬ್ಬಿ ಹಿಡಿದು ಕೂತಿರುವಾಗಲೇ ಫೋನು ಬಂತು. ಚಿಗವ್ವ.

"ಬೋರ್ಡಿನವರು ಬರ್ತಾರಂತ. ಬರ್ಲಿ, ಉಂಡು ಆರಾಮ್ ಕುಂದರ್ಲಿ. ನನ್ನ ಹಾಡಿಗೆ ಮಾತ್ರ ನೀವ ಬರ್ರಿ."

ಫೋನಿಟ್ಟು ಹೆಂಡತಿಯ ಕಡೆ ನೋಡಿದೆ. ಅವಳು ಸೋಪಿಗೆ ಆಗಲೇ ಪೇಪರು ಸುತ್ತುತ್ತಿದ್ದಳು.